ಕವಚವೂ ವೀರನೂ

ವೀರನನ್ನು ವರ್ಣಿಸಲು ಹೊರಟ ಕವಿಗೆ ಅವನ ಕವಚವೇ ಮೊದಲ ತೊಡಕು. ಕವಚವು ಅಭೇದ್ಯವೆಂದರೆ ವೀರನಿಗೆ ಅಪಾಯವಿಲ್ಲ. ಅಪಾಯವಿಲ್ಲದೆಡೆ ಧೈರ್ಯಕ್ಕೆ ಕೆಲಸವಿಲ್ಲ. ಧೈರ್ಯಕ್ಕೆ ಕೆಲಸವಿಲ್ಲದೆಡೆ ವೀರರಸವು ಹುಟ್ಟುವುದೆಂತು? ಕವಚವೇ ಬೇಡವೆಂದರೆ ಅದ್ಭುತವು ಮಾಯವಾಗಿ, ದೇವಪುತ್ರನೂ ಬೀದಿಯ ಜಗಳಗಂಟನೂ ಒಂದೇ ಸಾಲಿಗೆ ಬರುವರು. ಈ ಇಕ್ಕಟ್ಟನ್ನು ಅರಿತ ಮಹಾಕವಿಗಳು ವೀರನಿಗೆ ಕವಚವನ್ನು ಧಾರಾಳವಾಗಿಯೇ ಕೊಟ್ಟರು. ಆದರೆ ಅದರಲ್ಲಿ ಎಲ್ಲಿಯೋ ಒಂದು ಸಂದನ್ನು ಉಳಿಸಿದರು, ಇಲ್ಲವೆ ತಕ್ಕ ಸಮಯದಲ್ಲಿ ಅದನ್ನು ಮೈಯಿಂದ ಬೇರ್ಪಡಿಸಿದರು. ಕವಚದ ಗಟ್ಟಿತನವನ್ನು ಹೊಗಳುವುದು ಕಮ್ಮಾರನ ಕೆಲಸ. ಅದು ಕಳಚಿದಾಗ ಒಳಗೆ ಕಾಣುವವರಾರು ಎಂಬುದನ್ನು ತೋರಿಸುವುದು ಕವಿಯ ಕೆಲಸ.

ಈ ಹಳೆಯ ವಿಚಾರಕ್ಕೆ ಈಗ ಹೊಸದೊಂದು ಸಂದರ್ಭವು ಒದಗಿರುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸಹ, ಸಂಜೆಯ ದೀಪ ಹತ್ತಿದ ಮೇಲೆ ಮಕ್ಕಳು ವಿಡಿಯೋ ಆಟಗಳ ಮುಂದೆ ಕುಳಿತಿರುವುದು ಅಪೂರ್ವದ ನೋಟವಲ್ಲ. ಆ ಆಟಗಳ ನಾಯಕರಲ್ಲಿ ಹಲವರು ಅಡಿಯಿಂದ ಮುಡಿಯವರೆಗೆ ಯಂತ್ರಕವಚವನ್ನು ತೊಟ್ಟವರು. ಮನೆಯ ಹಿರಿಯರು ಇದನ್ನು ಕಂಡು ಆಕ್ಷೇಪಿಸುವುದುಂಟು: ‘ಇವನೆಂತಹ ವೀರ? ಮುಖವಿಲ್ಲ, ಮಾತಿಲ್ಲ, ಓಡುವುದು, ಹಾರುವುದು, ಸುಡುವುದು ಎಲ್ಲವೂ ಕವಚದ ಮಹಿಮೆ. ಅದನ್ನು ತೆಗೆದರೆ ಉಳಿಯುವುದೇನು?’ ಈ ಆಕ್ಷೇಪವನ್ನು ನಕ್ಕು ತಳ್ಳಿಬಿಡುವಂತಿಲ್ಲ. ವ್ಯಾಸನೂ ಹೋಮರನೂ ತಮ್ಮ ತಮ್ಮ ವೀರರ ವಿಷಯದಲ್ಲಿ ಕೇಳಿಕೊಂಡ ಪ್ರಶ್ನೆಯೇ ಇದು. ಆದರೆ ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನೂ ಕಾದು ಕೇಳಬೇಕಾದುದು ನ್ಯಾಯ. ಅದಕ್ಕಾಗಿ ಇಂತಹ ಆಟಗಳಲ್ಲಿ ಹೆಸರುವಾಸಿಯಾದ ಒಂದನ್ನು ತೆಗೆದುಕೊಂಡು, ಕನ್ನಡಿಗರಿಗೆ ಪರಿಚಿತವಾದ ಅಳತೆಗೋಲಿನಿಂದಲೇ ಅಳೆದು ನೋಡಬಹುದು.

ಜಪಾನಿನ ನಿಂಟೆಂಡೊ ಸಂಸ್ಥೆಯವರು 1986ರಲ್ಲಿ ಹೊರತಂದ ‘ಮೆಟ್ರಾಯ್ಡ್’ ಎಂಬ ಆಟದ ನಾಯಕನ ಹೆಸರು ಸ್ಯಾಮಸ್ ಆರನ್. ಕಿತ್ತಳೆ ಬಣ್ಣದ ಕವಚ; ಬಲಗೈಯ ಬದಲಿಗೆ ಗುಂಡುಗಳನ್ನುಗುಳುವ ಕೊಳವೆ; ಮುಖವನ್ನು ಮುಚ್ಚುವ ಶಿರಸ್ತ್ರಾಣ. ಈ ನಾಯಕನು ಒಂಟಿಯಾಗಿ ಒಂದು ಪರಗ್ರಹದ ನೆಲದಡಿಯ ಗವಿಗಳನ್ನು ಹೊಕ್ಕು ಶತ್ರುಗಳನ್ನು ಅರಸಬೇಕು. ಕವಚದ ಶಕ್ತಿಗಳೆಲ್ಲವೂ ಮೊದಲಿಗೇ ಕೈವಶವಾಗಿರುವುದಿಲ್ಲ. ಮೈಯನ್ನು ಮುದುಡಿ ಚೆಂಡಿನಂತೆ ಉರುಳುವ ಶಕ್ತಿ ಒಂದೆಡೆ, ಎತ್ತರಕ್ಕೆ ನೆಗೆಯುವ ಶಕ್ತಿ ಇನ್ನೊಂದೆಡೆ, ಪೆಟ್ಟಿನ ನೋವನ್ನು ತಗ್ಗಿಸುವ ‘ವೇರಿಯಾ’ ಎಂಬ ಹೊದಿಕೆ ಮತ್ತೊಂದೆಡೆ, ಹೀಗೆ ಗವಿಗಳ ಮೂಲೆಮೂಲೆಯಲ್ಲಿ ಹುದುಗಿರುವ ಇವನ್ನು ಹುಡುಕಿ ಪಡೆಯಬೇಕು. ಆಟದ ಆರಂಭದಲ್ಲಿ ಬಲಕ್ಕೆ ಓಡುವುದೇ ಆಡುವವನ ಸಹಜ ಪ್ರವೃತ್ತಿ. ಮೊದಲ ಶಕ್ತಿಯಾದರೋ ಎಡಗಡೆಗೆ ನಾಲ್ಕು ಹೆಜ್ಜೆಯ ದೂರದಲ್ಲಿದೆ. ಕಣ್ಮುಚ್ಚಿ ಮುನ್ನುಗ್ಗುವವನಿಗೆ ಕವಚವು ಒಲಿಯುವುದಿಲ್ಲವೆಂಬ ಪಾಠವು ಮೊದಲ ಕ್ಷಣದಲ್ಲಿಯೇ ದೊರೆಯುವುದು.

ಇಲ್ಲಿ ದ್ರೋಣಪರ್ವದ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ಜಯದ್ರಥನ ವಧೆಗೆಂದು ಅರ್ಜುನನು ನುಗ್ಗಿ ಬರುತ್ತಿರುವಾಗ ದ್ರೋಣನು ದುರ್ಯೋಧನನಿಗೆ ಮಂತ್ರಪೂರ್ವಕವಾಗಿ ಒಂದು ದಿವ್ಯ ಕವಚವನ್ನು ಕಟ್ಟಿ ಕಳುಹಿಸುವನು. ಆ ಕವಚಕ್ಕೆ ದೊಡ್ಡ ವಂಶಾವಳಿಯೇ ಇದೆ: ಶಿವನಿಂದ ಇಂದ್ರನಿಗೆ, ಇಂದ್ರನಿಂದ ಅಂಗಿರಸನಿಗೆ, ಅಲ್ಲಿಂದ ಬೃಹಸ್ಪತಿಗೆ, ಅಗ್ನಿವೇಶ್ಯನಿಗೆ, ಕಡೆಗೆ ದ್ರೋಣನಿಗೆ. ಅರ್ಜುನನ ಬಾಣಗಳು ಅದಕ್ಕೆ ತಾಗಿ ಸುಮ್ಮನೆ ಉದುರುವುವು. ಆದರೆ ಅರ್ಜುನನು ಅದರ ಗುಟ್ಟನ್ನು ಬಲ್ಲವನು. ಕವಚವನ್ನು ತೊಟ್ಟವನು ಹೇಗೆ ಹೋರಬೇಕೆಂಬುದನ್ನು ದುರ್ಯೋಧನನು ಅರಿಯನೆಂದು ಕೃಷ್ಣನಿಗೆ ಹೇಳುವನು. ಹೇಳಿ, ಹೊದಿಕೆಯಿಲ್ಲದ ಅಂಗೈಗಳಿಗೆ ಬಾಣವನ್ನು ನೆಡುವನು. ದೇವತೆಗಳ ಕೈಯಿಂದ ಕೈಗೆ ಬಂದ ಕವಚವು ಅಂಗೈಯಗಲದ ಅಜ್ಞಾನದ ಮುಂದೆ ಸೋತಿತು. ಸ್ಯಾಮಸ್‌ನ ಕವಚಕ್ಕೂ ವಂಶಾವಳಿಯುಂಟು. ಮುಂದಿನ ಆಟಗಳಲ್ಲಿ ವಿಸ್ತಾರಗೊಂಡ ಕಥೆಯಂತೆ, ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ಚೋಜೊ ಎಂಬ ಪಕ್ಷಿರೂಪದ ಪ್ರಾಚೀನ ಜನರು ಸಾಕಿ, ತಮ್ಮ ವಿದ್ಯೆಯಿಂದ ರಚಿಸಿದ ಕವಚವನ್ನು ಕೊಟ್ಟರು. ಆದರೆ ಕೊಟ್ಟ ಮಾತ್ರಕ್ಕೆ ಗೆಲುವಿಲ್ಲ. ತೊಟ್ಟವರು ಅದನ್ನು ಕಲಿಯಬೇಕು. ದುರ್ಯೋಧನನಂತೆ ತೊಟ್ಟು ನಿಂತವನು ಈ ಆಟದಲ್ಲಿ ಗಳಿಗೆಯೂ ಉಳಿಯುವುದಿಲ್ಲ. ‘ಎಲ್ಲವೂ ಕವಚದ ಮಹಿಮೆ’ ಎಂಬ ಆಕ್ಷೇಪದ ಅರ್ಧಭಾಗಕ್ಕೆ ಇಷ್ಟರಿಂದಲೇ ಸಮಾಧಾನವಾಗುವುದು.

ಪಶ್ಚಿಮದ ಮಹಾಕಾವ್ಯದಲ್ಲಿಯೂ ಇದೇ ಧರ್ಮವು ನಡೆದಿರುವುದು. ಅಕಿಲೀಸನ ಕವಚವನ್ನು ತೊಟ್ಟ ಪೆಟ್ರೋಕ್ಲಸನು ಸತ್ತನು. ಅದನ್ನು ಸುಲಿದು ತಾನು ತೊಟ್ಟ ಹೆಕ್ಟರನು, ಆ ಕವಚದ ಸಂದು ಕೊರಳಲ್ಲಿರುವುದನ್ನು ಕಂಡುಕೊಂಡ ಅಕಿಲೀಸನ ಕೈಯಲ್ಲಿ ಸತ್ತನು. ಅಕಿಲೀಸನಿಗಾಗಿ ದೇವಶಿಲ್ಪಿಯು ಹೊಸದಾಗಿ ಮಾಡಿಕೊಟ್ಟ ಕವಚವಾದರೋ ಅವನ ಮರಣಾನಂತರ ಗ್ರೀಕರಲ್ಲಿ ಕಲಹವನ್ನೆಬ್ಬಿಸಿತು. ಅದು ಒಡಿಸ್ಯೂಸನ ಪಾಲಾದಾಗ ಮಹಾವೀರನಾದ ಏಜಾಕ್ಸನು ಅವಮಾನದಿಂದ ಬುದ್ಧಿಗೆಟ್ಟು, ತನ್ನ ಕತ್ತಿಗೆ ತಾನೇ ಬಿದ್ದನು. ಈ ಏಜಾಕ್ಸನನ್ನು ಕುರಿತ ಸೋಫೊಕ್ಲೀಸನ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ಎಂಬ ಗಂಭೀರನಾಟಕವನ್ನು 1929ರಲ್ಲಿ ಕನ್ನಡಕ್ಕೆ ಕೊಟ್ಟವರು, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು. ಏಜಾಕ್ಸನಿಗೆ ಸಾಟಿಯಾಗಿ ಅವರು ಅಶ್ವತ್ಥಾಮನನ್ನು ಆರಿಸಿದುದರ ಔಚಿತ್ಯವು ಈ ದೃಷ್ಟಿಯಿಂದ ಇನ್ನಷ್ಟು ಸ್ಪಷ್ಟವಾಗುವುದು. ಭಾರತದ ಕಥೆಯಲ್ಲಿ ಅಶ್ವತ್ಥಾಮನ ನೆತ್ತಿಯಲ್ಲಿ ಹುಟ್ಟಿನಿಂದ ಬಂದ ಮಣಿಯೊಂದಿದ್ದಿತು. ಅದು ಇರುವ ತನಕ ಶಸ್ತ್ರದ ಭಯವಿಲ್ಲ, ರೋಗದ ಭಯವಿಲ್ಲ, ಹಸಿವಿನ ಬಾಧೆಯಿಲ್ಲ. ಅದೂ ಒಂದು ಕವಚವೇ. ಒಬ್ಬನು ಕೈಸೇರಬೇಕಾದ ಕವಚವನ್ನು ಕಳೆದುಕೊಂಡವನು. ಇನ್ನೊಬ್ಬನು ಮೈಯಲ್ಲಿಯೇ ಇದ್ದುದನ್ನು ಕಿತ್ತುಕೊಡಬೇಕಾಗಿ ಬಂದವನು. ಇಬ್ಬರ ದುರಂತಕ್ಕೂ ಮೂಲವು, ತಮ್ಮ ಹಿರಿಮೆಗೂ ಹೊರಗಿನ ಗುರುತಿಗೂ ಇರುವ ಅಂತರವನ್ನು ಮರೆತುದೇ ಆಗಿರುವುದು.

ಇನ್ನು ‘ಮುಖವಿಲ್ಲ, ಮಾತಿಲ್ಲ’ ಎಂಬ ಉಳಿದ ಅರ್ಧ. ನಾಟ್ಯಶಾಸ್ತ್ರವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿರುವುದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯು 1953ರಲ್ಲಿ ಪ್ರಕಟವಾದಂದಿನಿಂದ ಕನ್ನಡದ ವಿದ್ಯಾವಂತ ಮನೆಗಳಿಗೆ ರಸವಿಚಾರವು ದೂರದ ಮಾತಾಗಿ ಉಳಿದಿಲ್ಲ. ಈ ವಿಂಗಡಣೆಯಿಂದ ನೋಡಿದರೆ 1986ರ ಆಟದಲ್ಲಿ ವಾಚಿಕವು ಶೂನ್ಯ. ಆಂಗಿಕವು ಓಟ, ನೆಗೆತ, ಉರುಳುವಿಕೆಗಳಿಗೆ ಸೀಮಿತ. ಆಹಾರ್ಯ, ಎಂದರೆ ವೇಷಭೂಷಣ, ಒಂದೇ ಮುಕ್ಕಾಲುಪಾಲು ಭಾರವನ್ನು ಹೊತ್ತಿರುವುದು. ಇದು ದೋಷವೆ?

ದೋಷವೆಂದು ತೀರ್ಮಾನಿಸುವ ಮೊದಲು ಈ ಸೀಮೆಯವರು ತಮ್ಮ ಮೂಡಲಪಾಯ ಯಕ್ಷಗಾನವನ್ನು ನೆನೆಯಬೇಕು. ಮುಖವೀಣೆ ಮದ್ದಳೆಗಳ ಮೇಳದೊಡನೆ ಇರುಳೆಲ್ಲ ನಡೆಯುವ ಆ ಆಟದಲ್ಲಿ ರಾಜವೇಷದವನು ಕಿರೀಟ, ಎದೆಹಾರ, ಭುಜಕೀರ್ತಿಗಳನ್ನು ಕಟ್ಟಿಕೊಂಡು ಬರುವನು. ಹಗುರವಾದ ಮರದಲ್ಲಿ ಮಾಡಿ, ಬಣ್ಣವನ್ನೂ ಹೊಳಪಿನ ಕಾಗದವನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿದ ಆಭರಣಗಳು ಅವು. ಅವುಗಳಲ್ಲಿ ಭುಜಕೀರ್ತಿಯು ಹೆಗಲನ್ನು ಮೀರಿ ಹೊರಚಾಚಿ ನಿಲ್ಲುವುದು. ನಿಜವಾದ ಯುದ್ಧದಲ್ಲಿ ಅಂತಹ ಹೆಗಲಿನಿಂದ ಉಪಯೋಗವಿಲ್ಲ, ತೊಡಕೇ ಹೆಚ್ಚು. ಆದರೆ ದೀವಟಿಗೆಯ ಬೆಳಕಿನಲ್ಲಿ, ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕುಳಿತ ಮುದುಕಿಗೂ ‘ಇವನು ರಾಜ, ಇವನು ವೀರ’ ಎಂದು ತಿಳಿಯಬೇಕಾದರೆ ಹೆಗಲು ದೊಡ್ಡದಾಗಲೇಬೇಕು. ಬೆಳಕು ಕಡಮೆಯಾದಷ್ಟೂ ಹೆಗಲು ಅಗಲ. ಇಂದ್ರನಿಗೆ ಕವಚವನ್ನು ದಾನಮಾಡಿದ ಮೇಲೆಯೂ ಕಾಳಗದ ಪ್ರಸಂಗದಲ್ಲಿ ಕರ್ಣನ ವೇಷದವನು ಎದೆಹಾರ ಭುಜಕೀರ್ತಿಗಳೊಡನೆಯೇ ಕುಣಿಯುವನು. ‘ಕವಚ ಕೊಟ್ಟವನಿಗೆ ಇದೆಲ್ಲಿಂದ ಬಂದಿತು?’ ಎಂದು ಯಾವ ಪ್ರೇಕ್ಷಕನೂ ಕೇಳುವುದಿಲ್ಲ. ಅದು ಮೈಯನ್ನು ಕಾಯುವ ಲೋಹವಲ್ಲ, ಪಾತ್ರದ ಘನತೆಗೆ ಕೊಟ್ಟ ಆಕಾರವೆಂಬುದು ಅವನಿಗೆ ಗೊತ್ತು.

ಈ ನಿಯಮವೇ ಸಾವಿರಾರು ಹರದಾರಿಗಳಾಚೆ ಜಪಾನಿನಲ್ಲಿಯೂ ಅನ್ವಯವಾದುದು ವಿನೋದಕರವಾದ ಸಂಗತಿ. ಮೊದಲನೆಯ ಆಟದಲ್ಲಿ ವೇರಿಯಾ ಹೊದಿಕೆಯನ್ನು ಪಡೆದಾಗ ಕವಚದ ಬಣ್ಣವು ಬದಲಾಗುತ್ತಿತ್ತು. ಆಡುವವನಿಗೆ ಅಷ್ಟರಿಂದ ಗುರುತು ಸಿಕ್ಕುತ್ತಿತ್ತು. 1991ರಲ್ಲಿ ಎರಡನೆಯ ಆಟವು ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರದಲ್ಲಿ ಹೊರಬಂದಿತು. ಆ ಯಂತ್ರದ ಪುಟ್ಟ ತೆರೆಯಲ್ಲಿ ಬಣ್ಣಗಳಿಲ್ಲ. ಬಣ್ಣವಿಲ್ಲದೆ ಹಳೆಯ ಕವಚಕ್ಕೂ ಹೊಸ ಕವಚಕ್ಕೂ ಭೇದವನ್ನು ತೋರಿಸುವುದು ಹೇಗೆ? ಚಿತ್ರಕಾರರು ಹೆಗಲ ಮೇಲೆ ಎರಡು ದೊಡ್ಡ ಗುಂಡುಗಳನ್ನಿರಿಸಿ ಸಮಸ್ಯೆಯನ್ನು ಬಿಡಿಸಿದರು. ತೆರೆಗೆ ಬಣ್ಣ ಬಂದ ಮೇಲೆಯೂ ಆ ಹೆಗಲು ಮಾತ್ರ ಹೋಗಲಿಲ್ಲ; ಇಂದಿಗೂ ಸ್ಯಾಮಸ್‌ನ ಗುರುತೇ ಅದಾಗಿರುವುದು. ದೀವಟಿಗೆಯ ಮಂಕು ಬೆಳಕಿಗೆ ಭುಜಕೀರ್ತಿಯಂತೆ, ಬಣ್ಣವಿಲ್ಲದ ತೆರೆಗೆ ಈ ಗುಂಡುಹೆಗಲು. ಎರಡೂ ಕಡೆ ಕೊರತೆಯೇ ರೂಪವನ್ನು ಹಡೆದಿರುವುದು. ಆಹಾರ್ಯವನ್ನು ಹೊರಮೈಯ ಆಡಂಬರವೆಂದು ಹಳಿಯುವವರು ಇದನ್ನು ಗಮನಿಸಬೇಕು.

ಹಾಗಾದರೆ ಸಾತ್ತ್ವಿಕವು ಎಲ್ಲಿ? ಮೂಡಲಪಾಯದಲ್ಲಿ ಮರದ ಹೆಗಲಿನ ಕೆಳಗೆ ಊರಿನ ರೈತನೊಬ್ಬನು ಇರುವನು. ಅವನ ಬೆವರು, ಅವನ ಏದುಸಿರು ಆ ಕಿರೀಟಕ್ಕೆ ಜೀವವನ್ನು ಕೊಡುವುವು. ಆಟದ ಯಂತ್ರದಲ್ಲಿ ಕವಚದೊಳಗಿರುವುದು ಆಡುತ್ತಿರುವ ಹುಡುಗನೇ, ಹುಡುಗಿಯೇ. ಬಾಯಿಲ್ಲದ ನಾಯಕನ ಹೆದರಿಕೆಯನ್ನು ಅನುಭವಿಸುವುದು ಅವರ ಎದೆ. ಕತ್ತಲ ಗವಿಯಲ್ಲಿ ದಾರಿ ತಪ್ಪಿದಾಗ ಬೆವರುವುದು ಅವರ ಅಂಗೈ. ಮುಖವನ್ನು ಮುಚ್ಚಿರುವುದರಿಂದಲೇ ಯಾರ ಮುಖವಾದರೂ ಅಲ್ಲಿ ಸಲ್ಲುವುದು. ಇದು ಕಾವ್ಯದ ಮಾರ್ಗವಲ್ಲದಿರಬಹುದು. ಆದರೆ ರಸಕ್ಕೆ ಪ್ರತಿಕೂಲವಾದ ಮಾರ್ಗವೆಂದು ಹೇಳಲಾಗದು.

ಇಷ್ಟು ಸಮರ್ಥನೆ ಸಾಕು. ಇನ್ನು ಮುಖ್ಯವಾದ ಪರೀಕ್ಷೆ: ಕವಚವು ಕಳಚುವ ಸಮಯ. ಈ ಪರೀಕ್ಷೆಯಲ್ಲಿ ಕರ್ಣನ ಕಥೆಗಿಂತ ದೊಡ್ಡ ಒರೆಗಲ್ಲು ಭಾರತೀಯರಿಗೆ ಬೇರಿಲ್ಲ.

ಕರ್ಣನ ಕವಚವು ಸಹಜಕವಚ, ಮೈಯೊಡನೆ ಹುಟ್ಟಿದುದು. ಅದು ಆಯುಧಗಳನ್ನು ತಡೆಯುವುದೆಂಬುದು ಅದರ ಸಣ್ಣ ಗುಣ. ವನಪರ್ವದಲ್ಲಿ ಕುಂತಿಯು ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡುವಾಗ, ಪರದೇಶದಲ್ಲಿದ್ದರೂ ಈ ಕವಚದಿಂದ ನಿನ್ನನ್ನು ಗುರುತಿಸುವೆನೆಂದು ಹಲುಬುವಳು. ಹಾಗೆಯೇ ಆಯಿತು. ಕುಮಾರರ ಅಸ್ತ್ರಪರೀಕ್ಷೆಯ ರಂಗದಲ್ಲಿ ಅಪರಿಚಿತನೊಬ್ಬನು ಕವಚಕುಂಡಲಗಳೊಡನೆ ಬಂದು ನಿಂತಾಗ ನೆರೆದ ಜನಕ್ಕೆ ಅವನು ಸೂತಪುತ್ರ, ಕುಂತಿಗೊಬ್ಬಳಿಗೆ ಮಗ. ಅವಳು ಮೂರ್ಛೆಹೋದಳು. ಹಾಗಿದ್ದ ಮೇಲೆ, ಬ್ರಾಹ್ಮಣವೇಷದ ಇಂದ್ರನಿಗೆ ಕರ್ಣನು ಕವಚವನ್ನು ಕತ್ತರಿಸಿ ಕೊಟ್ಟಾಗ ಕೊಟ್ಟುದು ಪ್ರಾಣರಕ್ಷೆಯನ್ನು ಮಾತ್ರವಲ್ಲ; ತಾನು ಯಾರೆಂಬುದಕ್ಕೆ ಮೈಮೇಲಿದ್ದ ಏಕಮಾತ್ರ ಸಾಕ್ಷಿಯನ್ನು, ತಾಯಿಯ ಕಣ್ಣಿಗೆ ಸಿಕ್ಕುವ ಗುರುತನ್ನು. ಅದೂ ಬಂದವನು ಇಂದ್ರನೆಂದು ತಂದೆಯಾದ ಸೂರ್ಯನಿಂದ ಮೊದಲೇ ತಿಳಿದು. 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡಿದ್ದರೂ ಅವನ ಹೃದಯವು ಕರ್ಣನ ಕಡೆಗೆ ಹೊರಳಿದುದು ಸುಪ್ರಸಿದ್ಧ. ಕವಚವಿದ್ದ ಕರ್ಣನಿಗಾಗಿ ಯಾರೂ ಅತ್ತಿಲ್ಲ. ಕೊಟ್ಟ ಕರ್ಣನಿಗಾಗಿ ಕನ್ನಡ ನಾಡು ಸಾವಿರ ವರ್ಷದಿಂದ ಮರುಗುತ್ತಿರುವುದು.

ಸ್ಯಾಮಸ್‌ನ ಕವಚದ ನಡತೆ ಇದಕ್ಕೆ ವಿಪರೀತ. ಕರ್ಣನ ಕವಚವು ಅವನಾರೆಂಬುದನ್ನು ಸಾರುವುದು. ಇಲ್ಲಿಯದು ಅದನ್ನು ಮರೆಮಾಡುವುದು. ಕರ್ಣನು ಕಳಚಿದಾಗ ಗುರುತು ಅಡಗುವುದು. ಇಲ್ಲಿ ಕಳಚಿದಾಗ ಗುರುತು ಹೊರಬೀಳುವುದು. 1986ರ ಆಟವನ್ನು ಬೇಗನೆ ಮುಗಿಸಿದವರಿಗೆ ಕೊನೆಯ ದೃಶ್ಯದಲ್ಲಿ ಕವಚವು ಮಾಯವಾಗಿ, ಇಷ್ಟು ಹೊತ್ತೂ ಗಂಡೆಂದು ಭಾವಿಸಿದ್ದ ವೀರನು ಹೆಂಗಸೆಂಬುದು ತಿಳಿಯುವುದು. ಈ ಕಲ್ಪನೆಯು ನಿಜವಾಗಿ ದೊಡ್ಡದು. ಶೌರ್ಯವೆಂದರೆ ಗಂಡಿನ ಸೊತ್ತೆಂಬ ಭಾವನೆಯನ್ನು ಉಪದೇಶವಿಲ್ಲದೆ ಒಂದೇ ಕ್ಷಣದಲ್ಲಿ ಅದು ಒಡೆಯುವುದು. ಆದರೆ ನಿರ್ವಹಣೆಯಲ್ಲಿ ಕಲ್ಪನೆಗೆ ತಕ್ಕ ಗಾಂಭೀರ್ಯವಿಲ್ಲ. ಎಷ್ಟು ಬೇಗ ಮುಗಿಸಿದರೆ ಅಷ್ಟು ಕಡಮೆ ಉಡುಪಿನಲ್ಲಿ ಅವಳು ಕಾಣಿಸುವಂತೆ ಏರ್ಪಡಿಸಿರುವರು. ವೀರಳೊಬ್ಬಳ ಪರಿಚಯವಾಗಬೇಕಾದುದು ಆಡುವವನ ವೇಗಕ್ಕೆ ಕೊಟ್ಟ ಇನಾಮಾಗಿಬಿಟ್ಟಿತು. ಕವಚದೊಳಗಿನ ವ್ಯಕ್ತಿಯನ್ನು ತೋರಿಸುವುದಕ್ಕೂ ಮೈಯನ್ನು ತೋರಿಸುವುದಕ್ಕೂ ಅಜಗಜಾಂತರವಿದೆ. ಔಚಿತ್ಯವನ್ನು ಅರಿತ ಯಾವ ವಿಮರ್ಶಕನೂ ಇದನ್ನು ಒಪ್ಪಲಾರನು.

ಹದಿನಾರು ವರ್ಷಗಳ ತರುವಾಯ, 2002ರಲ್ಲಿ ಬಂದ ‘ಮೆಟ್ರಾಯ್ಡ್ ಫ್ಯೂಷನ್’ ಎಂಬ ಆಟದಲ್ಲಿ ಈ ಕುಂದು ಬಹುಮಟ್ಟಿಗೆ ತೀರಿರುವುದು. ಒಂದು ಪರೋಪಜೀವಿಯು ಸ್ಯಾಮಸ್‌ಳ ಮೈಯನ್ನು ಹೊಕ್ಕು ಕವಚಕ್ಕೂ ಹಬ್ಬುವುದು. ಕವಚವು ಮೈಗೆ ಅಂಟಿಕೊಂಡಿರುವುದರಿಂದ ವೈದ್ಯರು ಅದರ ಬಹುಭಾಗವನ್ನು ಶಸ್ತ್ರಕ್ರಿಯೆಯಿಂದ ಕೊಯ್ದು ತೆಗೆಯುವರು. ಅವಳು ಬದುಕುವಳು, ಆದರೆ ಹಿಂದಿನ ಬಲವಿಲ್ಲ. ಕೊಯ್ದು ತೆಗೆದ ಭಾಗಗಳೋ, ಪರೋಪಜೀವಿಯ ವಶವಾಗಿ, ಅವಳದೇ ಪೂರ್ಣಕವಚದ ರೂಪವನ್ನು ತಳೆದು ಅವಳನ್ನೇ ಬೇಟೆಯಾಡತೊಡಗುವುವು. ತನ್ನ ಹಿಂದಿನ ಬಲವೇ ಎದುರಿಗೆ ನಡೆದು ಬರುವ ಸದ್ದನ್ನು ಕೇಳಿ ಅವಳು ಅಡಗಿಕೊಳ್ಳಬೇಕಾಗುವುದು.

ಕರ್ಣನ ಕಥೆಯೊಡನೆ ಇದನ್ನಿಟ್ಟು ನೋಡಿದರೆ ಎರಡರ ಎತ್ತರಗಳೂ ತಿಳಿಯುವುವು. ಎರಡೂ ಕಡೆ ಮೈಗಂಟಿದ ಕವಚವು ಶಸ್ತ್ರದಿಂದ ಬೇರೆಯಾಗುವುದು. ಆದರೆ ಕರ್ಣನ ಕೈಯಲ್ಲಿ ಕತ್ತಿಯಿದ್ದಿತು; ಸ್ಯಾಮಸ್‌ಳಿಗೆ ಎಚ್ಚರವೇ ಇರಲಿಲ್ಲ. ಅವನದು ತ್ಯಾಗ, ಅವಳದು ಆಪತ್ತು. ಆಪತ್ತು ಎಷ್ಟೇ ದೊಡ್ಡದಾದರೂ ತ್ಯಾಗದ ನೆಲೆಗೆ ಏರದು. ಈ ಒಂದು ಅಂಶದಲ್ಲಿ ಹೊಸ ಕಲೆಯು ಹಳೆಯದಕ್ಕೆ ಬಹಳ ಕೆಳಗೆ ನಿಲ್ಲುವುದು. ಇನ್ನೊಂದು ಅಂಶದಲ್ಲಿ ಮಾತ್ರ ಅದು ಭಾರತದ ಕಥೆಯು ಮುಟ್ಟದ ಮಾತೊಂದನ್ನು ಮುಟ್ಟಿರುವುದು. ಕರ್ಣನ ಕವಚವು ಇಂದ್ರನ ಕೈಸೇರಿದ ಮೇಲೆ ಯುದ್ಧರಂಗಕ್ಕೆ ಮತ್ತೆ ಬರುವುದಿಲ್ಲ. ಇಲ್ಲಿ ಕಳಚಿದ ಬಲವು ಹಗೆಯಾಗಿ ಹಿಂದಿರುಗುವುದು. ಕಟ್ಟಕಡೆಗೆ ಮತ್ತೊಂದು ದೊಡ್ಡ ಹಗೆಯೊಡನೆ ಹೋರಿ, ಕುಸಿದು, ಅವಳಲ್ಲಿಯೇ ಲೀನವಾಗಿ ಅವಳನ್ನು ಗೆಲ್ಲಿಸುವುದು. ಮನುಷ್ಯನು ಒಮ್ಮೆ ನೆಚ್ಚಿದ ರಕ್ಷೆಯೇ ಅವನಿಗೆ ಭಯವಾಗಬಲ್ಲುದು, ಆ ಭಯವನ್ನು ಎದುರಿಸಿದವನಿಗೆ ಅದೇ ಮತ್ತೆ ಬಲವಾಗಬಲ್ಲುದು ಎಂಬ ಈ ಭಾವವು ತೂಕವುಳ್ಳದು.

ತೆಂಗಿನ ಸೀಮೆಯವರಿಗೆ ಈ ಭೇದವನ್ನು ಬೇರೆ ವಿವರಿಸಬೇಕಾಗಿಲ್ಲ. ಕೊಬ್ಬರಿಗೆಂದು ಇಟ್ಟ ಕಾಯಿ ಸಿಪ್ಪೆಯೊಡನೆಯೇ ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷವಿರುವುದು. ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದಾದಾಗ ಸುಲಿದು ಒಡೆದರೆ ಉಂಡೆ ಕೊಬ್ಬರಿಯು ಇಡಿಯಾಗಿ ಹೊರಬರುವುದು. ಹಸಿಯಲ್ಲಿಯೇ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿರುವುದು. ಬಿಡಿಸಲು ಹೋದರೆ ಚೂರಾಗುವುದು. ಕರ್ಣನು ಹಸಿಯಲ್ಲಿಯೇ ಚಿಪ್ಪನ್ನು ಕೊಯ್ದುಕೊಟ್ಟವನು. ನೋವನ್ನು ಬಲ್ಲವನಾಗಿ ಕೊಟ್ಟನು. ಆದುದರಿಂದಲೇ ಅದು ದಾನ. ಸಾಮಾನ್ಯ ವೀರರ ಕಥೆಗಳಾದರೋ ಚಿಪ್ಪು ಒಡೆಯುವ ಗೋಜಿಗೇ ಹೋಗುವುದಿಲ್ಲ. ಕವಚಕ್ಕೆ ಕವಚವನ್ನು ಸೇರಿಸಿ, ಆಯುಧಕ್ಕೆ ಆಯುಧವನ್ನು ಪೇರಿಸಿ, ಒಳಗೆ ತಿರುಳಿದೆಯೆ ಇಲ್ಲವೆ ಎಂಬುದನ್ನು ತಿಳಿಸದೆಯೇ ಮುಗಿದುಹೋಗುವುವು. ವಿಡಿಯೋ ಆಟಗಳಲ್ಲಿ ಇಂತಹವೇ ಹೆಚ್ಚು. ಹಳೆಯ ಕಾಳಗದ ಪ್ರಸಂಗಗಳಲ್ಲಿಯೂ ಇಂತಹವು ಇಲ್ಲದಿಲ್ಲ.

ಆದಕಾರಣ ಮನೆಯ ಹಿರಿಯರ ಆಕ್ಷೇಪವನ್ನು ಆಕ್ಷೇಪವಾಗಿ ಬಿಡದೆ ಪ್ರಶ್ನೆಯಾಗಿಯೇ ಉಳಿಸಿಕೊಳ್ಳುವುದು ಒಳ್ಳೆಯದು. ‘ಕವಚವನ್ನು ತೆಗೆದರೆ ಉಳಿಯುವುದೇನು?’ ಎಂದು ಆಟದ ಮುಂದೆ ಕುಳಿತ ಮಗುವನ್ನೇ ಕೇಳಬಹುದು. ಕೆಲವು ಆಟಗಳ ವಿಷಯದಲ್ಲಿ ಮಗುವಿಗೆ ಉತ್ತರವು ಹೊಳೆಯದು. ಅವನ್ನು ಬಿಟ್ಟರೆ ನಷ್ಟವಿಲ್ಲ. ಕೆಲವುದರ ವಿಷಯದಲ್ಲಿ ಅದು ಉತ್ಸಾಹದಿಂದ ಹೇಳತೊಡಗುವುದು: ಒಳಗೆ ಒಬ್ಬಳು ಇದ್ದಾಳೆ, ಅವಳಿಗೆ ತಂದೆತಾಯಿಗಳಿಲ್ಲ, ಅವಳನ್ನು ಹಕ್ಕಿಗಳಂತಹ ಜನ ಸಾಕಿದರು. ಆ ಮಾತು ಮುಗಿದ ಮೇಲೆ, ಹೊಳೆಯಲ್ಲಿ ತೇಲಿ ಬಂದ, ಸೂತನ ಮನೆಯಲ್ಲಿ ಬೆಳೆದ ಇನ್ನೊಬ್ಬ ಕವಚಧಾರಿಯ ಕಥೆಯನ್ನು ಹಿರಿಯರು ಆರಂಭಿಸಬಹುದು. ಕೇಳುವ ಕಿವಿ ಆಗ ಸಿದ್ಧವಾಗಿರುವುದು.